ಕೈ ಏನ್ ಮಾಡ್ತಾವ, ಅದನ್ನ ಹೇಳ್ರಿ

ಹೈದರಾಬಾದಿನಲ್ಲಿ ನಮ್ಮ ಕಾಕಾ ಬರುವುದನ್ನು ಕಂಡರೆ ಅಂಗಡಿಯ ಷಟರನ್ನು ಅರ್ಧಕ್ಕೆ ಎಳೆದುಬಿಡುವ ಕ್ಷೌರಿಕರು ಕನಿಷ್ಠ ಮೂವರಿದ್ದಾರೆ. ಹಾಗೆಂದು ನಮ್ಮ ಕಾಕಾ ಜಗಳಗಂಟನೆಂದು ತಿಳಿಯಬೇಡಿ. ಅವನ ತಲೆಯ ಮೇಲೆ ಉಳಿದಿರುವ ಕೂದಲೂ ಐದು ನಿಮಿಷದ ಕೆಲಸ. ತೊಂದರೆ ಏನೆಂದರೆ, ಆ ಐದು ನಿಮಿಷದ ಕೆಲಸಕ್ಕೆ ಕಾಕಾ ಒಂದೂವರೆ ಗಂಟೆ ಪ್ರಶ್ನೆ ಕೇಳುತ್ತಾನೆ! ಕತ್ತರಿಯ ಒಂದು ತೂತು ದೊಡ್ಡದು, ಇನ್ನೊಂದು ಸಣ್ಣದು ಯಾಕೆ? ಎಡಗೈಯವರು ಏನು ಮಾಡುತ್ತಾರೆ? ಕಿವಿಯ ಹಿಂದೆ ಬಂದಾಗ ನೀವು ಉಸಿರು ಹಿಡಿಯುತ್ತೀರಲ್ಲ, ಅದನ್ನು ಯಾರಾದರೂ ಕಲಿಸಿದರೋ, ತಾನಾಗಿಯೇ ಬಂತೋ? ಅಷ್ಟರಲ್ಲಿ ಬಾಗಿಲಲ್ಲಿ ಕಾಯುತ್ತಿದ್ದ ನಾಲ್ಕು ಗಿರಾಕಿಗಳು ಗಡ್ಡ ಸಮೇತ ಮನೆಗೆ ಹೋಗಿರುತ್ತಾರೆ.

ಒಮ್ಮೆ ಹಲ್ಲುನೋವೆಂದು ಅಮೀರ್‌ಪೇಟೆಯ ದಂತವೈದ್ಯೆಯೊಬ್ಬರ ಬಳಿಗೆ ಹೋದ. ನಮ್ಮ ಬೀದರಿನ ಕಡೆಯವರೇ ಆದ ಆಕೆ ಕಾಕಾನ ಬಾಯಿ ತೆರೆಸಿ, ಎರಡೂ ಕಡೆ ಹತ್ತಿ ತುರುಕಿ, ಇನ್ನು ಅರ್ಧ ಗಂಟೆ ನೆಮ್ಮದಿ ಎಂದುಕೊಂಡರಂತೆ. ಕಾಕಾ ಜೇಬಿನಿಂದ ಚೀಟಿ, ಪೆನ್ಸಿಲ್ ತೆಗೆದು ಬರೆದು ತೋರಿಸಿದ: ‘ಈ ಮಷೀನು ನಿಮಿಷಕ್ಕ ಎಷ್ಟು ಸುತ್ತು ತಿರುಗತೈತಿ?’

ನಾನು ಕಾಕಾನನ್ನು ಏಕವಚನದಲ್ಲಿ ಕರೆಯುತ್ತಿದ್ದೇನೆಂದು ಬೇಸರ ಬೇಡ. ಅಪ್ಪನ ತಮ್ಮ ಅವನು. ನಮ್ಮ ಕಡೆ ಪ್ರೀತಿ ಹೆಚ್ಚಾದವರಿಗೆ ಬಹುವಚನ ಕಡಿಮೆ. ರಾಯಚೂರಿನಿಂದ ಇಲ್ಲಿಗೆ ಬಂದವನು ಕೇಂದ್ರ ಸರ್ಕಾರದ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಕೆಲಸಕ್ಕೆ ಸೇರಿ ಅಲ್ಲೇ ನಿವೃತ್ತನಾದ. ನಟ್ಟು, ಬೋಲ್ಟು, ಎಣ್ಣೆ, ಕೈಗವಸು ಇವನ್ನೆಲ್ಲ ಕಿಟಕಿಯಿಂದ ಕೊಡುವ ಕೆಲಸ. ಸಾಮಾನು ಕೇಳುವ ಚೀಟಿಯಲ್ಲಿ ‘ಯಾವ ಕೆಲಸಕ್ಕೆ’ ಎಂದು ಒಂದು ಕಾಲಂ ಇರುತ್ತಿತ್ತು. ಜಗತ್ತಿನಲ್ಲಿ ಆ ಕಾಲಮನ್ನು ಗಂಭೀರವಾಗಿ ತೆಗೆದುಕೊಂಡ ಏಕೈಕ ನೌಕರ ನಮ್ಮ ಕಾಕಾ! ಒಂದು ಬೋಲ್ಟು ಬೇಕೆಂದು ಬಂದವನು ಇಡೀ ಯಂತ್ರದ ಜಾತಕ ಹೇಳಿಯೇ ಹೋಗಬೇಕು. ಹೀಗಾಗಿ ಆ ಕಾರ್ಖಾನೆಯಲ್ಲಿ ಯಾರು ಏನು ಮಾಡುತ್ತಾರೆಂಬುದು ಜನರಲ್ ಮ್ಯಾನೇಜರಿಗಿಂತ ಕಾಕಾನಿಗೆ ಚೆನ್ನಾಗಿ ಗೊತ್ತಿತ್ತು. ಮ್ಯಾನೇಜರ್ ಏನು ಮಾಡುತ್ತಾರೆಂಬುದು ಮಾತ್ರ ಕೊನೆಯವರೆಗೂ ಗೊತ್ತಾಗಲಿಲ್ಲವಂತೆ.

ಇಂಥ ಕಾಕಾ ನಮ್ಮ ಮನೆಯ ಜೀವನದಲ್ಲಿ ಕೈ ಹಾಕಿದ್ದು ಎರಡು ವರ್ಷದ ಹಿಂದೆ, ನನ್ನ ಗಂಡ ಕೆಲಸ ಕಳೆದುಕೊಂಡಾಗ.

ಇವರು ಜೀಡಿಮೆಟ್ಲಾದ ಒಂದು ಔಷಧಿ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಇದ್ದರು. ಕಾರ್ಖಾನೆ ಕೈ ಬದಲಾಯಿತು. ಹೊಸ ಮಾಲೀಕರು ಯಂತ್ರಗಳನ್ನು ಬಿಚ್ಚಿ ಬೇರೆ ರಾಜ್ಯಕ್ಕೆ ಸಾಗಿಸಿದರು. ಯಂತ್ರಗಳನ್ನು ಲಾರಿಯಲ್ಲಿ ಒಯ್ಯಬಹುದು, ಜನರನ್ನು ಒಯ್ಯಲಾಗುತ್ತದೆಯೇ? ಜನರು ಗೇಟಿನ ಹೊರಗೆ ಉಳಿದರು.

ಮೊದಲ ವಾರ ಇವರು ಬಹಳ ಉತ್ಸಾಹದಿಂದ ಮನೆಯಲ್ಲಿದ್ದರು. ಎಂಥ ಉತ್ಸಾಹ! ಔಷಧಿಯ ಗುಣಮಟ್ಟ ಪರೀಕ್ಷಿಸುತ್ತಿದ್ದ ಕೈಗಳು ನನ್ನ ಅಡುಗೆಮನೆಗೆ ಇಳಿದವು. ಉಪ್ಪಿನಕಾಯಿ ಭರಣಿಗೆ ಬ್ಯಾಚ್ ನಂಬರ್ ಬಂತು. ಸಾಂಬಾರ್ ಪುಡಿಗೆ ಮುಗಿಯುವ ತಾರೀಖು ಬಂತು. ಒಣಮೆಣಸಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, “ಇವು ಮೆತ್ತಗಾಗ್ಯಾವ, ಬಿಸಲಿಗಿಡು” ಎಂದರು. ಒಂದು ದಿನ ಸ್ಕೇಲ್ ತಂದು ಚಪಾತಿ ಅಳೆದರು.

“ಹನ್ನೆರಡರಾಗ ನಾಲ್ಕು ಫೇಲ್,” ಎಂದರು.

“ಫೇಲಾದವನ್ನ ಏನ್ ಮಾಡ್ತೀರಿ?”

“ಸ್ಯಾಂಪಲ್ ಅಂತ ತಿಂತೀನಿ.”

ನಗು ಅಲ್ಲಿಗೇ ಮುಗಿಯಿತು. ಎರಡನೇ ತಿಂಗಳಿಗೆ ಸ್ಕೇಲ್ ಕಪಾಟು ಸೇರಿತು. ಮೂರನೇ ತಿಂಗಳಿಗೆ ಗಡ್ಡ ಬೆಳೆಯಿತು. ಕಂಪನಿಯ ಬಸ್ಸು ಬರುತ್ತಿದ್ದ ಏಳೂ ಹತ್ತಕ್ಕೆ ಸರಿಯಾಗಿ ಬಾಲ್ಕನಿಯಲ್ಲಿ ನಿಂತು, ಬರದ ಬಸ್ಸನ್ನು ನೋಡಿ ಒಳಗೆ ಬರುತ್ತಿದ್ದರು. ಎಷ್ಟೋ ಕಡೆ ಅರ್ಜಿ ಹಾಕಿದರು. ನಲವತ್ತೇಳು ವಯಸ್ಸು ಎಂದು ಓದಿದ ಕೂಡಲೇ ಆ ಕಡೆಯವರು ‘ತಿಳಿಸುತ್ತೇವೆ’ ಎನ್ನುತ್ತಿದ್ದರು. ಏನು ತಿಳಿಸುತ್ತಾರೆ, ಯಾವಾಗ ತಿಳಿಸುತ್ತಾರೆ? ಯಾರಿಗೂ ತಿಳಿಯದು.

ಮಾತಾಡಿಸಲು ನೆಂಟರಿಷ್ಟರು ಬಂದರು. ಎಲ್ಲರೂ ತಗ್ಗಿದ ದನಿಯಲ್ಲಿ, ಸತ್ತವರ ಮನೆಗೆ ಬಂದಂತೆ, “ಎಲ್ಲಾ ಛಲೋ ಆಗತೈತಿ” ಎಂದು ಚಹಾ ಕುಡಿದು ಹೋದರು. ಕಾಕಾ ಬಂದ. ಚಪ್ಪಲಿ ಬಿಟ್ಟ, ಕುರ್ಚಿಯನ್ನು ಇವರ ಮೊಣಕಾಲಿಗೆ ತಾಗುವಷ್ಟು ಹತ್ತಿರ ಎಳೆದ. ಸಮಾಧಾನದ ಮಾತು ಒಂದಾದರೂ ಬಂತೇ? ಇಲ್ಲ.

“ನೀವು ಅಲ್ಲಿ ಖರೇನ ಏನ್ ಮಾಡ್ತಿದ್ರಿ?” ಎಂದು ಕೇಳಿದ.

“ಕ್ವಾಲಿಟಿ ಎಕ್ಸಿಕ್ಯೂಟಿವ್ ಇದ್ದೆರಿ.”

“ಅದು ಬಾಗಲಾ ಮ್ಯಾಲಿನ ಬೋರ್ಡು. ಕೈ ಏನ್ ಮಾಡ್ತಿದ್ದುವು, ಅದನ್ನ ಹೇಳ್ರಿ.”

ಇವರು ಮೊದಲು ಒಂದು ಮಾತಿನಲ್ಲಿ ಮುಗಿಸಲು ನೋಡಿದರು. ಬಿಡುವವನೇ ನಮ್ಮ ಕಾಕಾ? ಬೆಳಿಗ್ಗೆ ಒಳಗೆ ಹೋದ ಮೇಲೆ ಮೊದಲು ಯಾವ ಬಾಗಿಲು? ಕೈ ತೊಳೆಯುವುದು ಎಷ್ಟು ಸಲ? ಮಾತ್ರೆ ಕರಗುತ್ತದೋ ಇಲ್ಲವೋ ಎಂದು ನೋಡುವ ನೀರು ಎಷ್ಟು ಬೆಚ್ಚಗಿರಬೇಕು? ಯಾಕೆ? ಹೊಟ್ಟೆಯಷ್ಟೇ ಬೆಚ್ಚಗೆ! ಹಾಗಾದರೆ ಕಾರ್ಖಾನೆಯಲ್ಲಿ ಗಾಜಿನ ಹೊಟ್ಟೆ ಇದೆ ಎನ್ನಿ! ಮೂರು ಗಂಟೆ ಹೀಗೇ ನಡೆಯಿತು. ಹೋಗುತ್ತ ಹೋಗುತ್ತ ಇವರ ದನಿ ಏರಿತು, ಕೈ ಆಡತೊಡಗಿದವು. ತಟ್ಟೆಗೆ ಮಾತ್ರೆ ಸುರಿಯುವಾಗಿನ ಸದ್ದಿನಿಂದಲೇ ಅವು ತೇವ ಹಿಡಿದಿವೆಯೋ ಇಲ್ಲವೋ ಹೇಳುತ್ತಿದ್ದೆ, ಯಂತ್ರ ಆಮೇಲೆ ಅದನ್ನೇ ಹೇಳುತ್ತಿತ್ತು ಎಂದರು.

ನಾನು ಅಡುಗೆಮನೆಯ ಬಾಗಿಲಲ್ಲಿ ಲಟ್ಟಣಿಗೆ ಹಿಡಿದು ನಿಂತಿದ್ದೆ. ಹತ್ತೊಂಬತ್ತು ವರ್ಷ ಈ ಮನುಷ್ಯನಿಗೆ ಡಬ್ಬಿ ಕಟ್ಟಿದವಳು ನಾನು. ಡಬ್ಬಿ ಖಾಲಿಯಾಗಿದೆಯೇ ಎಂದು ನೋಡಿದ್ದೆನೇ ಹೊರತು, ಅಲ್ಲಿ ಏನು ಮಾಡುತ್ತೀರಿ ಎಂದು ಒಮ್ಮೆಯೂ ಕೇಳಿರಲಿಲ್ಲ!

ಕಾಕಾ ಎಲ್ಲವನ್ನೂ ಬರೆದುಕೊಂಡ. ಏಳುವಾಗ ಕೇಳಿದ: “ನಿಮ್ಮ ಜೋಡಿ ಹೊರಗ ಬಂದವರು ಎಷ್ಟು ಮಂದಿ? ಅವರೆಲ್ಲಾ ಈಗ ಎಲ್ಲಿ ಅದಾರ?”

ಮರುದಿನವೇ ಕಾಕಾ ನಮ್ಮ ಬಡಾವಣೆಯ ಕನ್ನಡ ಸಂಘದ ಅಧ್ಯಕ್ಷರ ಮನೆಗೆ ಹೋದ. ಕೆಲಸ ಹೋದವರಿಗಾಗಿ ವಾರಕ್ಕೆ ಎರಡು ದಿನ ಸಂಘದ ಹಾಲ್‌ನಲ್ಲಿ ಒಂದು ಮೇಜು ಹಾಕಿಕೊಳ್ಳುತ್ತೇನೆ ಎಂದ. ಹಾಲ್ ಇರುವುದು ಕಾರ್ಯಕ್ರಮಗಳಿಗೆ ಮಾತ್ರ ಎಂದರು ಅಧ್ಯಕ್ಷರು.

“ವರ್ಷಕ್ಕ ಎಷ್ಟು ಕಾರ್ಯಕ್ರಮ ಮಾಡ್ತೀರಿ?”

“ಹನ್ನೆರಡರ ತನಕ ಆಗ್ತಾವರಿ.”

“ಉಳಿದ ದಿವಸ ಹಾಲಿನ್ಯಾಗ ಯಾರಿರ್ತಾರ?”

“ಯಾರೂ ಇರೂದಿಲ್ಲ.”

“ನಾ ಮೇಜು ಹಾಕಿದ್ರ ಅವರಿಗೆ ತ್ರಾಸ ಆಗತೈತೇನು?”

ಅಧ್ಯಕ್ಷರು ತಲೆ ಕೆರೆದುಕೊಂಡು ಕೊನೆಯ ಅಸ್ತ್ರ ತೆಗೆದರು. ಬರುವವರಲ್ಲಿ ಮುಕ್ಕಾಲು ಜನ ತೆಲುಗರು, ಉರ್ದು ಮಾತಾಡುವವರು; ಸಂಘ ಕನ್ನಡಿಗರದು. “ಗೇಟು ಹಾಕುವಾಗ ಮಾಲಕರು ಭಾಷಾ ಕೇಳಿದ್ರೇನರಿ?” ಎಂದ ಕಾಕಾ. ಅದೊಂದೇ ಪ್ರಶ್ನೆಗೆ ಅವನು ಉತ್ತರಕ್ಕಾಗಿ ಕಾಯಲಿಲ್ಲ. ಬೀಗದ ಕೈ ಬಂತು.

ಹಾಗೆ ಬುಧವಾರ ಮತ್ತು ಶನಿವಾರ ಹತ್ತು ಗಂಟೆಗೆ ಮೇಜು ಶುರುವಾಯಿತು. ಬೋರ್ಡು ಇಲ್ಲ, ಬ್ಯಾನರ್ ಇಲ್ಲ. ಶನಿವಾರ ಹೊರಗಿನ ಜಗಲಿಯಲ್ಲಿ ಭಜನೆ ಮಾಡುವ ಹೆಂಗಸರು ಮೊದಲು ಮೂಗು ಮುರಿದರು. ಆದರೆ ಭಜನೆಯ ನಡುವೆ ಒಳಗಿನ ಮೇಜಿನ ಕಥೆಗಳು ಕಿವಿಗೆ ಬೀಳದಿರುತ್ತವೆಯೇ? ಮೂರನೇ ವಾರ ಒಬ್ಬಾಕೆ ತಾಳ ಕೆಳಗಿಟ್ಟು ಅರ್ಜಿ ತುಂಬಿಕೊಡಲು ಬಂದರು. ಐದನೇ ವಾರ ಇಡೀ ಮಂಡಳಿ ತಂತಮ್ಮ ಅಳಿಯಂದಿರಿಗೆ ಫೋನು ಹಚ್ಚಿ, ‘ನಿಮ್ಮ ಆಫೀಸಿನಲ್ಲಿ ಯಾರಾದರೂ ಬೇಕಾಗಿದ್ದಾರೆಯೇ’ ಎಂದು ಕೇಳತೊಡಗಿತ್ತು. ಅತ್ತೆಯ ಫೋನಿಗೆ ‘ತಿಳಿಸುತ್ತೇವೆ’ ಎನ್ನುವ ಅಳಿಯ ಇನ್ನೂ ಹುಟ್ಟಿಲ್ಲ ನೋಡಿ!

ಬಂದವರಲ್ಲಿ ಹಲವರಿಗೆ ಕಂಪ್ಯೂಟರ್ ಬಾರದೆಂದು ತಿಳಿದಾಗ ಕಾಕಾ ಅಮೀರ್‌ಪೇಟೆಗೆ ಹೋದ. ಅಲ್ಲಿ ಮಹಡಿಗೊಂದು ತರಬೇತಿ ಕೇಂದ್ರ. ಒಂದರಲ್ಲಿ ಮೂರು ದಿನದ ಪುಕ್ಕಟೆ ಪಾಠಕ್ಕೆ ತಾನೇ ವಿದ್ಯಾರ್ಥಿಯಾಗಿ ಕೂತ. ಮೊದಲ ದಿನ ಮೇಷ್ಟ್ರು ಪರದೆಯ ಮೇಲೆ ಲೆಕ್ಕದ ಹಾಳೆ ತೆರೆದರು. “ಈ ಡಬ್ಬಿಗಳೆಲ್ಲಾ ಯಾಕ ಚೌಕ ಅದಾವರಿ?” ಎಂದು ಕಾಕಾ ಕೇಳಿದ. ಮೂರನೇ ದಿನ ಮುಗಿದಾಗಲೂ ತರಗತಿ ಅದೇ ಡಬ್ಬಿಯಲ್ಲಿತ್ತು. ಕೇಂದ್ರದ ಮಾಲೀಕರು ಕಾಕಾನನ್ನು ಒಳಗೆ ಕರೆದರು. ವಿಷಯವೆಲ್ಲ ಕೇಳಿ, ಬೆಳಿಗ್ಗೆ ಆರರಿಂದ ಎಂಟು ನಮ್ಮ ಕೋಣೆ ಖಾಲಿ ಇರುತ್ತದೆ, ನಿಮ್ಮ ಜನರನ್ನು ಕಳಿಸಿ, ಪುಕ್ಕಟೆ ಕಲಿಸುತ್ತೇವೆ, ಆದರೆ ಒಂದು ಷರತ್ತು, ನೀವು ಮಾತ್ರ ಬರಬಾರದು ಎಂದರು.

“ಯಾಕರಿ?” ಎಂದ ಕಾಕಾ.

“ಇದಕ್ಕೇ!” ಎಂದರು ಮಾಲೀಕರು.

ಮೇಜಿಗೆ ಬಂದವರಲ್ಲಿ ಯಾದಮ್ಮ ಎಂಬಾಕೆ ಇದ್ದರು. ನನ್ನ ಗಂಡನ ಕಾರ್ಖಾನೆಯಲ್ಲೇ ಪ್ಯಾಕಿಂಗ್ ವಿಭಾಗದಲ್ಲಿ ಇದ್ದವರು. ನಿಮ್ಮ ಕೈ ಏನು ಮಾಡುತ್ತವೆ ಎಂದು ಕಾಕಾ ಕೇಳಿದರೆ, “ನಾಕೇಮೀ ರಾದು ಸಾರೂ” ಎಂದರು. ನನಗೇನೂ ಬರುವುದಿಲ್ಲ, ಸುಮ್ಮನೆ ನೋಡುತ್ತಿದ್ದೆ ಎಂದು. ಏನನ್ನು ನೋಡುತ್ತಿದ್ದಿರಿ? ಬೆಳಕಿನ ಪೆಟ್ಟಿಗೆಯ ಮೇಲೆ ಓಡುವ ಮಾತ್ರೆಯ ಪಟ್ಟಿಗಳನ್ನು. ಒಡೆದದ್ದು, ಚುಕ್ಕೆ ಬಿದ್ದದ್ದು, ಖಾಲಿ ಉಳಿದದ್ದು ಕಂಡರೆ ತೆಗೆಯುವುದು. ಹನ್ನೊಂದು ವರ್ಷ. ಕಾಕಾ ಪೆನ್ಸಿಲ್ ಕೆಳಗಿಟ್ಟು, “ಏನೂ ಬರೂದಿಲ್ಲಂತ!” ಎಂದು ಭಜನೆಯ ಹೆಂಗಸರ ಕಡೆಗೆ ತಿರುಗಿ ಸಾಕ್ಷಿ ಕೇಳಿದ.

ಮರುದಿನ ಆಕೆಯನ್ನು ಸುಲ್ತಾನ್ ಬಜಾರಿನ ದೊಡ್ಡ ಸೀರೆ ಅಂಗಡಿಗೆ ಕರೆದೊಯ್ದ. ಭಜನಾ ಮಂಡಳಿಯವರು ಮದುವೆಗಳಿಗೆ ಸೀರೆ ಕೊಳ್ಳುವ ಅಂಗಡಿ, ನಾನೂ ಜೊತೆಗಿದ್ದೆ. ಈಕೆ ಬಟ್ಟೆಯ ದೋಷ ಹಿಡಿಯುತ್ತಾರೆ, ಕೆಲಸ ಕೊಡಿ ಎಂದ ಕಾಕಾ. ಸೇಠ್ ನಕ್ಕು, ನಮ್ಮ ಅಂಗಡಿಯಲ್ಲಿ ದೋಷವೇ ಇಲ್ಲ ಎಂದರು. ಯಾದಮ್ಮ ಹತ್ತಿರದ ರಾಶಿಯಿಂದ ಒಂದು ಸೀರೆ ತೆಗೆದು ಟ್ಯೂಬ್‌ಲೈಟಿಗೆ ಹಿಡಿದರು. “ಇಕ್ಕಡ” ಎಂದು ಬೆರಳಿಟ್ಟರು. ಎಳೆ ಬಿಟ್ಟಿತ್ತು. ಎರಡನೆಯದರಲ್ಲಿ ಸೂಜಿಮೊನೆಯಷ್ಟು ಎಣ್ಣೆ ಚುಕ್ಕೆ. ಆರನೆಯದಕ್ಕೆ ಬರುವಷ್ಟರಲ್ಲಿ ಗಿರಾಕಿ ಹೆಂಗಸರು ತಾವು ಆರಿಸಿಟ್ಟ ಸೀರೆಗಳನ್ನೆಲ್ಲ ತಂದು ಆಕೆಯ ಮುಂದೆ ಸಾಲು ನಿಂತಿದ್ದರು!

“ಬಸ್ ಕರೋ ಅಮ್ಮಾ, ಇತ್ನಾ ಮತ್ ದೇಖೋ!” ಎಂದು ಸೇಠ್ ಕೈ ಮುಗಿದರು. ಇಷ್ಟೆಲ್ಲ ನೋಡಬೇಡ ಎಂದು. ಅವರ ಮುಂದೆ ಈಗ ಎರಡೇ ದಾರಿ: ಆಕೆಯನ್ನು ಹೊರಗೆ ಕಳಿಸುವುದು, ಇಲ್ಲವೇ ಸೀರೆಗಳು ಒಳಗೆ ಬರುವ ಹಿಂಬಾಗಿಲಲ್ಲಿ ಕೂರಿಸುವುದು. ಬುದ್ಧಿವಂತ ಸೇಠ್ ಅಂದೇ ಗೋದಾಮಿನಲ್ಲಿ ಒಂದು ಸ್ಟೂಲು, ಒಂದು ದೀಪ ಹಾಕಿಸಿದರು.

ಎಲ್ಲವೂ ಹೀಗೇ ಹೂವಿನಂತೆ ಸಾಗಿತೆಂದರೆ ಸುಳ್ಳಾಗುತ್ತದೆ. ಖಾದರ್‌ಭಾಯ್ ಎಂಬ ಬಾಯ್ಲರ್ ಆಪರೇಟರ್ ಇದ್ದರು, ಐವತ್ತೈದರ ಮೇಲಾದವರು. ಕಾಕಾ ಅವರನ್ನು ಒಂದು ಹೋಟೆಲಿನ ದೊಡ್ಡ ಅಡುಗೆಮನೆಗೆ ಕರೆದೊಯ್ದ. ಉಗಿಯಲ್ಲಿ ಅನ್ನ ಬೇಯಿಸುವ ಜಾಗ. ಮ್ಯಾನೇಜರ್ ಇನ್ನೇನು ಒಪ್ಪಬೇಕು, ಅಷ್ಟರಲ್ಲಿ ಕಾಕಾ ಅವನ ಬಾಯ್ಲರ್ ಬಗ್ಗೆ ಕೇಳತೊಡಗಿದ. ಇದನ್ನು ಯಾರು ಪರೀಕ್ಷೆ ಮಾಡುತ್ತಾರೆ? ಯಾವಾಗ ಮಾಡಿದ್ದರು? ಕಾಗದ ಎಲ್ಲಿದೆ? ಮ್ಯಾನೇಜರ್ ಇವರಿಬ್ಬರೂ ತಪಾಸಣೆಗೆ ಬಂದವರೆಂದು ತಿಳಿದು ಬೆವರಿ, ನಿಜ ಗೊತ್ತಾದ ಮೇಲೆ ಸಿಟ್ಟಿಗೆದ್ದು ಇಬ್ಬರನ್ನೂ ಹೊರಗೆ ಹಾಕಿದ. ಕಾಕಾ ಎರಡು ದಿನ ಸರಿಯಾಗಿ ಉಣ್ಣಲಿಲ್ಲವೆಂದು ಕಾಕು, ಅಂದರೆ ಅವನ ಹೆಂಡತಿ, ಹೇಳಿದಳು. “ನನ್ನ ಬಾಯಿಯಿಂದ ಅವರ ಅನ್ನ ಹೋತು” ಎಂದನಂತೆ. ಖಾದರ್‌ಭಾಯ್ ಮಾತ್ರ ಶನಿವಾರ ಎಂದಿನಂತೆ ಬಂದು, “ಜಾನೇ ದೋ ಕಾಕಾ, ಬಾಯ್ಲರ್ ಅಚ್ಛಾ ನಹೀಂ ಥಾ” ಎಂದರು. ಹೋಗಲಿ ಬಿಡು, ಆ ಬಾಯ್ಲರೇ ಸರಿ ಇರಲಿಲ್ಲ ಎಂದು. ಆಮೇಲೆ ಸಂಘದ ಸ್ಟೌವಿನ ಮೇಲೆ ಎಲ್ಲರಿಗೂ ಚಹಾ ಇಟ್ಟರು. ಅವರಿಗೆ ಇವತ್ತಿಗೂ ಪೂರ್ತಿ ಕೆಲಸ ಸಿಕ್ಕಿಲ್ಲ. ಕಾಕಾ ಪ್ರತಿ ವಾರ ಹೊಸ ಹಾಳೆ ತೆಗೆದಾಗ ಮೊದಲ ಹೆಸರು ಅವರದೇ ಬರೆಯುತ್ತಾನೆ.

ನನ್ನ ಗಂಡ? ಸಂಘದ ಕಡೆ ತಲೆ ಹಾಕಿಯೂ ಮಲಗಲಿಲ್ಲ. ತನ್ನ ಕೈಕೆಳಗೆ ಕೆಲಸ ಮಾಡಿದವರ ಜೊತೆ ಸಾಲಿನಲ್ಲಿ ಕೂರುವುದೇ? ಕಾಕಾ ಒತ್ತಾಯ ಮಾಡಲಿಲ್ಲ. ಒಂದು ಬುಧವಾರ ಅರ್ಜಿಗಳ ಕಟ್ಟು ತಂದು, “ಇವುಗಳಾಗ ತಪ್ಪು ಭಾಳ ಅದಾವು ಅನಸ್ತದ. ನನಗ ತಿಳಿಯೂದಿಲ್ಲ” ಎಂದು ಇವರ ಮುಂದಿಟ್ಟು ಹೋದ. ಇವರು ಕೆಂಪು ಪೆನ್ನು ಹುಡುಕಿದರು. ಮುಂದಿನ ಶನಿವಾರ ತಿದ್ದಿದ್ದನ್ನು ವಿವರಿಸಬೇಕೆಂದು ತಾವೇ ಸಂಘಕ್ಕೆ ಹೊರಟರು. ಹೊರಡುವ ಮುಂಚೆ ಗಡ್ಡ ಬೋಳಿಸಿದರು. ನಾನು ದೇವರ ಮುಂದೆ ದೀಪ ಹಚ್ಚಿದೆ ಎಂದರೆ ನೀವು ನಗುತ್ತೀರಿ. ನಗಿ.

ಅಷ್ಟರಲ್ಲಿ ಸುದ್ದಿ ಸರ್ಕಾರದ ಉದ್ಯೋಗ ಕಚೇರಿಗೂ ಮುಟ್ಟಿ, ಒಬ್ಬ ಅಧಿಕಾರಿಣಿ ನೋಡಲು ಬಂದರು. ಕಾಕಾ ರೂಢಿಯಂತೆ ಅವರ ಕೈ ಏನು ಮಾಡುತ್ತವೆಂದು ಕೇಳಿದ. ಕಾರ್ಖಾನೆಗಳಿಗೆ ಹೋಗಿ ಖಾಲಿ ಜಾಗ ಕೇಳುತ್ತೇವೆ, ಜಾಗ ಸಿಗುತ್ತವೆ, ತಕ್ಕ ಜನ ಸಿಗುವುದಿಲ್ಲ ಎಂದು ಆಕೆ ಪ್ರಾಮಾಣಿಕವಾಗಿ ಹೇಳಿದರು. “ನಮ್ಮ ಹತ್ರ ಮಂದಿ ಅದಾರ, ಜಾಗಾ ಇಲ್ಲ,” ಎಂದ ಕಾಕಾ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಅಂದಿನಿಂದ ಆಕೆ ತಿಂಗಳಿಗೆರಡು ಶನಿವಾರ ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಕೂತರು. ಜಗಳವೊಂದೇ: ಸರ್ಕಾರದ ಫಾರಂನಲ್ಲಿ ಅನುಭವಕ್ಕೆ ಒಂದೇ ಗೆರೆ, ಕಾಕಾನ ಬರಹಕ್ಕೆ ಒಬ್ಬೊಬ್ಬರಿಗೆ ನಾಲ್ಕು ಹಾಳೆ. ಕಂಪ್ಯೂಟರ್ ಇದನ್ನು ತೆಗೆದುಕೊಳ್ಳುವುದಿಲ್ಲ ಎಂದು ಆಕೆ, ಹಾಗಾದರೆ ಕಂಪ್ಯೂಟರಿಗೆ ಯಾರು ಕಲಿಸಿದರು ಎಂದು ಇವನು!

ಕೊನೆಗೆ ಆಕೆ ಕಾಕಾನ ಹಾಳೆಗಳನ್ನು ಕೈಯಲ್ಲಿ ಹಿಡಿದು ಫೋನಿನಲ್ಲಿ ಓದಿ ಹೇಳತೊಡಗಿದರು. ಹಾಗೆ ಓದಿದ್ದನ್ನು ಕೇಳಿ ಊರಾಚೆಯ ಮಸಾಲೆ ಪುಡಿ ಕಾರ್ಖಾನೆಯ ಮೇಲ್ವಿಚಾರಕರೊಬ್ಬರು, “ಮಾತ್ರೆಯ ಸದ್ದು ಕೇಳುವ ಆ ಮನುಷ್ಯನನ್ನು ಕಳಿಸಿ, ನೋಡೋಣ” ಎಂದರಂತೆ. ಇವರು ಹೋದರು. ಅಲ್ಲಿ ಯಾರೂ ವಯಸ್ಸು ಕೇಳಲಿಲ್ಲ. ಎರಡು ಗೋಣಿ ಒಣಮೆಣಸಿನಕಾಯಿ ಮುಂದಿಟ್ಟರು. ಇವರು ಒಂದೊಂದು ಹಿಡಿ ತೆಗೆದು ಕಿವಿಯ ಬಳಿ ಅಲ್ಲಾಡಿಸಿ, “ಇದು ಆಗಬಹುದು, ಅದು ವಾರದಾಗ ಬೂಸ್ಟು ಹಿಡಿತೈತಿ” ಎಂದರು. ಯಂತ್ರವೂ ಅದನ್ನೇ ಹೇಳಿತು. ಸಂಬಳ ಮೊದಲಿನಷ್ಟಿಲ್ಲ. ಸೋಮವಾರದಿಂದ ಬನ್ನಿ ಎಂದರು.

ಸೋಮವಾರ ಬೆಳಿಗ್ಗೆ ಇವರ ಮುಖ ನೋಡಬೇಕಿತ್ತು! ಹತ್ತೊಂಬತ್ತು ವರ್ಷ ನೌಕರಿ ಮಾಡಿದ ಮನುಷ್ಯ ಮೊದಲ ದಿನ ಶಾಲೆಗೆ ಹೋಗುವ ಮಗುವಿನಂತೆ ಷರ್ಟಿನ ಗುಂಡಿಯನ್ನು ಮೇಲೆ ಕೆಳಗೆ ಹಾಕಿಕೊಂಡಿದ್ದರು. ಆಗದಿದ್ದರೆ? ಸಂಜೆಯೇ ಕಳಿಸಿಬಿಟ್ಟರೆ? ಏಳು ಗಂಟೆಗೆ ಕಾಕಾ ಬಂದ. “ನನಗೂ ಆ ಕಡೆ ಸ್ವಲ್ಪ ಕೆಲಸ ಐತಿ, ಜೋಡಿ ಹೋಗೂಣು ನಡೀರಿ” ಎಂದ. ಇಬ್ಬರೂ ಬಸ್ಸು ಹತ್ತಿದರು.

ಮಧ್ಯಾಹ್ನ ಕಾಕು ಫೋನು ಮಾಡಿದಳು. “ನಿಮ್ಮ ಕಾಕಾ ಊಟಕ್ಕ ಅಲ್ಲೇ ಅದಾರೇನ?” ಇಲ್ಲ ಎಂದೆ. ಅವನ ಫೋನಿಗೆ ಹಚ್ಚಿದರೆ ಬಂದ್ ಆಗಿತ್ತು. ಇವರನ್ನು ಕೇಳೋಣವೆಂದರೆ ಕಾರ್ಖಾನೆಯೊಳಗೆ ಫೋನು ಒಯ್ಯುವಂತಿಲ್ಲ. ಎಪ್ಪತ್ತೊಂದು ವರ್ಷದ ಮನುಷ್ಯ, ಉರಿಬಿಸಿಲು, ಎಲ್ಲಿ ಹೋದ? ನಾಲ್ಕು ಗಂಟೆಗೆ ಕಾಕು ಅಳುತ್ತ ನಮ್ಮ ಮನೆಗೇ ಬಂದಳು. ಅಧ್ಯಕ್ಷರಿಗೆ ಹೇಳಿದೆ, ಖಾದರ್‌ಭಾಯ್ ಬಸ್ ಸ್ಟ್ಯಾಂಡಿನಲ್ಲಿ ಹುಡುಕಲು ಹೋದರು.

ಆರೂವರೆಗೆ ಇಬ್ಬರೂ ಒಟ್ಟಿಗೆ ಮೆಟ್ಟಿಲು ಹತ್ತಿ ಬಂದರು. ಮೆಣಸಿನ ಘಾಟು ಬಾಗಿಲಿಗೇ ಬಂತು. ಕಾಕಾನ ಮುಖ ಬಿಸಿಲಿಗೆ ಕಪ್ಪಾಗಿತ್ತು. ಕಾಕು ಅವನನ್ನು ಬೈಯುತ್ತ ನೀರು ಕೊಡಲು ಒಳಗೆ ಕರೆದೊಯ್ದಳು. ಇವರು ಬಾಗಿಲಲ್ಲೇ ನಿಂತು, ಷೂ ಬಿಚ್ಚುವ ನೆಪದಲ್ಲಿ ತಲೆ ಬಗ್ಗಿಸಿ, ನನಗೆ ಮಾತ್ರ ಕೇಳುವಂತೆ ಹೇಳಿದರು. ಐದೂವರೆಗೆ ಗೇಟಿನಿಂದ ಹೊರಗೆ ಬಂದರೆ, ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಕಾಕಾ ಕೂತಿದ್ದನಂತೆ. ಬೆಳಿಗ್ಗೆಯಿಂದ. ಯಾಕೆ ಹೋಗಲಿಲ್ಲ ಎಂದು ಕೇಳಿದ್ದಕ್ಕೆ ಎದ್ದು ಧೋತರ ಝಾಡಿಸಿಕೊಂಡು ಹೇಳಿದ್ದಿಷ್ಟು:

“ಮೊದಲನೇ ದಿವಸ ಐತಲ್ರಿ. ನಡುವ ಹೊರಗ ಬಂದ್ರ, ಗೇಟಿನ ಈ ಕಡೆ ಯಾರರ ಇರಬೇಕಲ್ಲ.”